ಮಹಾಪೆಯ ಏರಿನಲ್ಲಿ ಬಿದ್ದ ಕಿವಿ

ನನ್ನ ಕಿಟಕಿಯ ದಂಡೆಯ ಮೇಲೆ ಒಂದು ಕಿವಿ ಇದೆ. ಗಾಬರಿಯಾಗಬೇಡಿ, ಅಲ್ಯೂಮಿನಿಯಮ್ಮಿನದು. ಹೆಬ್ಬೆರಳಿನ ತುದಿಗಿಂತ ಸ್ವಲ್ಪ ದೊಡ್ಡದು, ನಡುವೆ ಬೋಲ್ಟು ತೂರುವಷ್ಟು ತೂತು. ಮೂರು ಬದಿ ನುಣುಪಾಗಿದೆ. ನಾಲ್ಕನೆಯದು ಮುರಿದ ಬದಿ. ಕೊಬ್ಬರಿ ಮಿಠಾಯಿಯನ್ನು ಕೈಯಲ್ಲಿ ಮುರಿದ ಹಾಗೆ ಹರಳು ಹರಳಾಗಿದೆ. ಡೊಂಬಿವಲಿಯ ನಮ್ಮ ಮನೆಗೆ ಸಂಜೆ ಹಿನ್ನೀರಿನ ಕಡೆಯಿಂದ ಗಾಳಿ ನುಗ್ಗುತ್ತದೆ. ಆಗ ಪೇಪರಿನ ಪುರವಣಿ ಹಾರದಿರಲೆಂದು ಅದನ್ನು ಮೇಲಿಡುತ್ತೇನೆ. ಪುರವಣಿ ಆದರೂ ಹಾರುತ್ತದೆ. ಅಲ್ಯೂಮಿನಿಯಮ್ಮಿಗೆ ಅಷ್ಟು ಭಾರ ಎಲ್ಲಿಯದು?

ಒರೆಸುವಾಗಲೆಲ್ಲ ನನ್ನ ಹೆಂಡತಿ ಕೇಳುತ್ತಾಳೆ, “ಇದನ್ನು ಬಿಸಾಡ್ಲಾ?”

“ಬೇಡ. ಅದು ಭಾವನ ಕಿವಿ.”

“ಭಾವನ ಕಾರಿನದ್ದು ಅನ್ನಿ. ಕೇಳಿದವರು ಎಂತ ತಿಳ್ಕೊಳ್ತಾರೆ.”

ಅವಳು ಹೇಳುವುದು ಸರಿ. ಆದರೆ ಯಾವ ಕಿವಿ ಭಾವನದು, ಯಾವುದು ಕಾರಿನದು ಎಂಬುದರಲ್ಲೇ ನನ್ನ ತಲೆ ಒಮ್ಮೆ ಪೂರ್ತಿ ಕೆಟ್ಟುಹೋಗಿತ್ತು. ಈಗಲೂ ಅದು ನೆಟ್ಟಗಾಗಿದೆ ಎಂದು ಹೇಳಲಾರೆ.

ಹೇಳಲಾರೆ ಎನ್ನುವುದು ನನ್ನ ಕಸುಬಿನ ರೋಗ. ನನ್ನ ಕೆಲಸ ಮಹಾಪೆಯ ಒಂದು ಸಣ್ಣ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿ. ಅಲ್ಲಿ ‘ಬಿರುಕು ಇದೆ’ ಎಂದು ಬರೆಯುವಂತಿಲ್ಲ. ‘ಬಿರುಕು ಕಂಡುಬಂದಿದೆ’ ಎಂದು ಬರೆಯಬೇಕು. ಕಣ್ಣು ಕಂಡದ್ದಕ್ಕೆ ನಾನು ಜವಾಬ್ದಾರ, ವಸ್ತುವಿನ ಹಣೆಬರಹಕ್ಕಲ್ಲ. ಈ ಅಭ್ಯಾಸ ಮನೆಗೂ ಬಂದುಬಿಟ್ಟಿದೆ. ಸಾರಿನಲ್ಲಿ ಉಪ್ಪು ಹೇಗಿದೆ ಎಂದರೆ ಕಡಿಮೆ ಎಂದು ತೋರಿತು ಎನ್ನುತ್ತೇನೆ. ಹೆಂಡತಿ ಉಪ್ಪಿನ ಡಬ್ಬಿಯನ್ನು ನನ್ನ ಎದುರು ಕುಕ್ಕುತ್ತಾಳೆ. ಸಿಟ್ಟಿನಿಂದ ಎಂದು ತೋರುತ್ತದೆ.

ಭಾವ ಎಂದರೆ ಸದಾನಂದ ಭಾವ, ನನ್ನ ಅಕ್ಕ ವಾರಿಜಳ ಗಂಡ. ಉಡುಪಿಯ ಕಡೆಯಿಂದ ಬಂದು ಠಾಣೆ ಪಟ್ಟಣದ ರೈಲು ಸ್ಟೇಷನ್ನಿನ ಹತ್ತಿರ ಹೋಟೆಲು ನಡೆಸಿದವರು. ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತ ನಾನು ಅಕ್ಕನ ಮನೆಗೆ ಬಂದಿದ್ದಾಗ ಹಗಲಿಡೀ ಆ ಹೋಟೆಲಿನ ಮೂಲೆಯ ಮೇಜಿನಲ್ಲೇ ಕೂತಿರುತ್ತಿದ್ದೆ. ಆಗ ಅಲ್ಲಿ ಬಿಲ್ಲು ಬರೆಯುವ ಪದ್ಧತಿ ಇರಲಿಲ್ಲ. ಗಿರಾಕಿ ತಿಂದು ಎದ್ದು ಹೊರಟ ಕೂಡಲೇ ಮಾಣಿ ಇದ್ದಲ್ಲಿಂದಲೇ ಗಲ್ಲಾದ ಕಡೆಗೆ ಕೂಗಿ ಹೇಳುತ್ತಿದ್ದ: “ಛತ್ರಿ, ಎರಡು ಇಡ್ಲಿ, ಒಂದು ಚಾ.” “ನೀಲಿ ಶರ್ಟು, ಮಸಾಲೆ.” “ಗಡ್ಡ, ಉಪ್ಪಿಟ್ಟು, ಅರ್ಧ ಕಾಫಿ.” ಗಿರಾಕಿಗಳಿಗೆ ಹೆಸರಿಲ್ಲ, ಕೈಯಲ್ಲಿರುವುದೋ ಮೈಮೇಲಿರುವುದೋ ಅದೇ ಅವರ ಹೆಸರು. ನಾನು ‘ಕನ್ನಡಕ’ ಆಗಿದ್ದೆ. ನಾಲ್ಕು ಮಾಣಿಗಳು ನಾಲ್ಕು ಮೂಲೆಯಿಂದ ಒಟ್ಟಿಗೆ ಕೂಗುತ್ತಿದ್ದರು. ಒಳಗೆ ಪಾತ್ರೆಯ ಸದ್ದು, ಹೊರಗೆ ರೈಲಿನ ಸದ್ದು. ಗಲ್ಲಾದಲ್ಲಿ ಕೂತ ಭಾವ ತಲೆ ಎತ್ತದೆ ಎಲ್ಲವನ್ನೂ ಕೇಳಿಸಿಕೊಂಡು, ಛತ್ರಿ ಎದುರು ಬಂದು ನಿಲ್ಲುವ ಮೊದಲೇ ಲೆಕ್ಕ ಮುಗಿಸಿರುತ್ತಿದ್ದರು. ಅವರ ಕಿವಿಯ ಮೇಲೆ ಆ ಹೋಟೆಲು ನಿಂತಿತ್ತು.

ಬೇಡವಾದದ್ದನ್ನು ಕೇಳಿಸಿಕೊಳ್ಳದಿರುವ ಕಲೆಯೂ ಅದೇ ಕಿವಿಗೆ ಸಿದ್ಧಿಸಿತ್ತು. ಯಾರೋ ಒಬ್ಬ, “ಸೇಠ್, ಸಾಂಬಾರ್ ಠಂಡಾ ಹೈ” ಎಂದು ಆರಿದ ಸಾಂಬಾರಿನ ಜಗಳಕ್ಕೆ ಬಂದರೆ ಭಾವ ಬಹಳ ಸ್ನೇಹದಿಂದ, “ಹಾಂ, ಇಸ್ ಸಾಲ್ ಠಂಡಿ ಜಾದಾ ಹೈ” ಎನ್ನುತ್ತಿದ್ದರು, ಹೌದು, ಈ ವರ್ಷ ಚಳಿ ಜಾಸ್ತಿ ಎಂದು. ಬಂದವನು ನಕ್ಕು ಹೋಗುತ್ತಿದ್ದ. ಮುಖದಲ್ಲಿ ಒಂದು ಗೆರೆಯೂ ಅಲುಗದೆ ಹೀಗೆ ಹೇಳಬಲ್ಲವರು ಕೇಳಿಸದೆ ಹೇಳಿದರೋ, ಕೇಳಿಸಿಕೊಂಡೇ ಹೇಳಿದರೋ ಎಂದು ಆಗಲೂ ಗೊತ್ತಾಗುತ್ತಿರಲಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆಮೇಲೊಮ್ಮೆ ಭಾವನೇ ಹೋಟೆಲಿನಲ್ಲಿ ಚೀಟಿ ತಂದರು. ಮಾಣಿ ಬರೆದು ಕೊಡಬೇಕು, ಗಿರಾಕಿ ಅದನ್ನು ತಂದು ಗಲ್ಲಾದಲ್ಲಿಡಬೇಕು. “ಕಾಲ ಬದಲಾಯ್ತು ಮಾರಾಯ, ಕಿರುಚುವುದು ಚಂದ ಅಲ್ಲ” ಎಂದಿದ್ದರು. ಭಾವ ಸುಧಾರಿಸಿದರು ಎಂದು ನಾವೆಲ್ಲ ಮೆಚ್ಚಿಕೊಂಡೆವು.

ಮುಂದೆ ಹೋಟೆಲನ್ನು ಪಾಲುದಾರನಿಗೆ ಬಿಟ್ಟುಕೊಟ್ಟು ಕಾರು ಕೊಂಡರು. ಸೆಕೆಂಡ್ ಹ್ಯಾಂಡ್ ಡೀಸೆಲ್ ಗಾಡಿ. ಹಿಂಬದಿಯಲ್ಲಿ ‘ಟರ್ಬೊ’ ಎಂಬ ಬೆಳ್ಳಿಯ ಅಕ್ಷರಗಳಿದ್ದವು. ಆ ಪದಕ್ಕೇ ಅವರು ಮನಸೋತದ್ದಿರಬೇಕು. ಅಷ್ಟು ವರ್ಷ ತರಕಾರಿಯ ಟೆಂಪೋದಲ್ಲಿ ಡ್ರೈವರಿನ ಪಕ್ಕ, ಮೊಣಕಾಲ ನಡುವೆ ಕೊತ್ತಂಬರಿ ಕಟ್ಟು ಇಟ್ಟುಕೊಂಡು ವಾಶಿಯ ಮಾರ್ಕೆಟ್ಟಿನಿಂದ ಬಂದವರು. “ಇನ್ನು ನಾನು ಈ ಬದಿ ಕೂತುಕೊಳ್ಳುವುದು” ಎಂದು ಸ್ಟೇರಿಂಗನ್ನು ತಟ್ಟಿದ್ದರು. “ಗಲ್ಲಾ ಬಿಟ್ಟ ಮೇಲೆ ನನ್ನ ಕೈಯಲ್ಲಿ ಉಳಿದ ಯಜಮಾನಿಕೆ ಇದೊಂದೇ.”

ಇನ್ನು ಆ ದಿನದ ಸಂಗತಿ. ನಾನು ಕಂಡಷ್ಟನ್ನು ಹೇಳುತ್ತೇನೆ.

ಮಳೆಗಾಲದ ಕೊನೆ. ಸಂಜೆ ನಾನು ಫ್ಯಾಕ್ಟರಿಯಿಂದ ಹೊರಬಂದಾಗ ಭಾವ ಗೇಟಿನ ಹತ್ತಿರ ಕಾರು ನಿಲ್ಲಿಸಿ ಕಾದಿದ್ದರು. ಸೀವುಡ್ಸಿನಲ್ಲಿ ಯಾರನ್ನೋ ನೋಡಲಿಕ್ಕಿತ್ತು, ಹೇಗೂ ಈ ದಾರಿ, ನಿನ್ನನ್ನು ಡೊಂಬಿವಲಿಗೆ ಬಿಟ್ಟು ಠಾಣೆಗೆ ಹೋಗುತ್ತೇನೆ ಎಂದರು. ಠಾಣೆಗೆ ಅದು ದಾರಿಯೇ ಅಲ್ಲ. ಆದರೂ ಹತ್ತಿದೆ. ಲೋಕಲ್ಲಿನಲ್ಲಿ ನಿಲ್ಲುವುದು ತಪ್ಪಿತಲ್ಲ.

ಮಹಾಪೆಯಿಂದ ಶಿಳ್‌ಫಾಟಾದ ಕಡೆಗೆ ರಸ್ತೆ ಒಂದು ಗುಡ್ಡ ಹತ್ತಿ ಇಳಿಯುತ್ತದೆ. ಬಂದರಿನ ಕಂಟೇನರುಗಳು, ಭಿವಂಡಿಯ ಗೋದಾಮುಗಳಿಗೆ ಹೋಗುವ ಲಾರಿಗಳು ಎಲ್ಲ ಅದೇ ಏರಿನಲ್ಲಿ. ಗುಂಡಿಯೊಂದಕ್ಕೆ ಮುಂದಿನ ಚಕ್ರ ಇಳಿದು ಎದ್ದಿತು. ಆಮೇಲೆ ಸ್ಟೀಲಿನ ಡಬ್ಬಿಯಲ್ಲಿ ಚಮಚ ಅಲ್ಲಾಡಿದಂಥ ಸದ್ದು ಶುರುವಾಯಿತು. ಅದರ ಹಿಂದೆಯೇ ಕುಕ್ಕರಿನ ಗ್ಯಾಸ್ಕೆಟ್ ಸರಿ ಕೂರದಾಗ ಬರುವಂಥ ಸ್ಸ್ ಎಂಬ ಸದ್ದು. ಕಾರು ದಮ್ಮು ಕಳೆದುಕೊಂಡಿತು. ಹಿಂದೆ ಕಪ್ಪು ಹೊಗೆ. “ಭಾವ, ಏನೋ ಸದ್ದು” ಎಂದೆ. “ಹೌದು, ಈ ಸಲ ಮಳೆ ಜಾಸ್ತಿ” ಎಂದರು. ನನಗೆ ಸಾಂಬಾರು ನೆನಪಾಯಿತು, ನಕ್ಕೆ. ಪಕ್ಕದ ರಿಕ್ಷಾದವನು ಹಾರ್ನ್ ಹೊಡೆಯುತ್ತ ನಮ್ಮ ಕಾರಿನ ಮೂತಿಯ ಕಡೆಗೆ ಬೆರಳು ತೋರಿಸಿದ. ಭಾವ ಅವನಿಗೆ ಕೈ ಬೀಸಿದರು, ಗುರುತಿನವನಿಗೆ ಬೀಸುವ ಹಾಗೆ.

ಆಗ ಹಿಂದಿನಿಂದ ಒಂದು ಕಂಟೇನರ್ ಬಂತು. ಏರಿನಲ್ಲಿ ಅದಕ್ಕೆ ನಿಲ್ಲಿಸಲು ಆಗದು, ನಾವು ತೆವಳುತ್ತಿದ್ದೇವೆ. ಅವನು ಹಾರ್ನ್ ಒತ್ತಿದ ಕೈ ತೆಗೆಯಲಿಲ್ಲ. ಆ ಸದ್ದು ನನ್ನ ಬೆನ್ನಿನೊಳಗಿಂದ ಬಂದಂತಿತ್ತು. ಸೀಟು ನಡುಗಿತೋ ನಾನೋ ಹೇಳಲಾರೆ. ಭಾವನ ಮುಖ ಗಲ್ಲಾದಲ್ಲಿ ಕೂತ ಮುಖದ ಹಾಗೆಯೇ ಇತ್ತು. ಅವರು ಬದಿಗೆ ಸರಿಯಲಿಲ್ಲ. ಕಂಟೇನರಿನ ಕೆಂಪು ಗೋಡೆ ಅವರ ಕಿಟಕಿಯನ್ನು ಪೂರ್ತಿ ತುಂಬಿಕೊಂಡು ಸರಿದುಹೋಯಿತು. ‘ಠಪ್’ ಎಂದಿತು. ಆಚೆ ಬದಿಯ ಕನ್ನಡಿ ಇರಲಿಲ್ಲ.

ಭಾವ ಕಾರನ್ನು ಅಂಚಿಗೆ ತಂದು ನಿಲ್ಲಿಸಿ, ಕನ್ನಡಿ ಇದ್ದ ಜಾಗವನ್ನು ಸ್ವಲ್ಪ ಹೊತ್ತು ನೋಡಿ ಹೇಳಿದರು: “ಒಂದು ಹಾರ್ನಾದರೂ ಹೊಡೀಬಾರದಾ ಆ ಪುಣ್ಯಾತ್ಮ.”

ಅವರು ಹೇಳಿದ ಮಾತು ಅಕ್ಷರಕ್ಕಕ್ಷರ ಇದೇ. ಅದು ತಮಾಷೆಯೋ ನಿಜವೋ ಎಂಬುದು ಮಾತ್ರ ಕಂಡುಬರಲಿಲ್ಲ. ನನ್ನ ಕೈ ಡ್ಯಾಶ್‌ಬೋರ್ಡಿಗೆ ಅಂಟಿಕೊಂಡಿತ್ತು, ಬಿಡಿಸಿಕೊಳ್ಳಲು ಸ್ವಲ್ಪ ಹೊತ್ತು ಬೇಕಾಯಿತು.

ಕಾರನ್ನು ಟೋ ಮಾಡಿಸಿ ಡೊಂಬಿವಲಿ ಹತ್ತಿರದ ಭೋಯಿರನ ಗ್ಯಾರೇಜಿನಲ್ಲಿ ಬಿಟ್ಟೆವು. ಭೋಯಿರ್ ಅಲ್ಲಿನವನೇ, ಬಾಯಿ ಜೋರು, ಕೈ ಅಷ್ಟೇನೂ ಜೋರಿಲ್ಲ. “ವಾರಿಜಳಿಗೆ ಕನ್ನಡಿ ಹೋಯ್ತು ಅಂತ ಹೇಳಿದರೆ ಸಾಕು, ಉಳಿದದ್ದು ಬೇಡ” ಎಂದರು ಭಾವ.

ಮರುದಿನ ಬೆಳಿಗ್ಗೆ ನಾನು ಮಹಾಪೆಯಲ್ಲಿದ್ದಾಗ ಅಕ್ಕನ ಫೋನು. ಅವಳ ದನಿ ನೀರಲ್ಲಿ ಬಿದ್ದವರ ದನಿಯಂತಿತ್ತು.

“ಅವರ ಎರಡೂ ಕಿವಿ ಹೋಗಿದೆಯಂತೆ. ಒಂದು ಸಿಕ್ಕಿದೆಯಂತೆ. ಇನ್ನೊಂದು ದಾರಿಯಲ್ಲಿ ಬಿದ್ದಿದೆಯಂತೆ.”

“ಯಾರು ಹೇಳಿದ್ದು?”

“ಯಾರೋ ಗಂಡಸು. ಸೇಠ್ ಕೇ ದೋನೋ ಕಾನ್ ಟೂಟ್ ಗಯೇ ಅಂದ. ಇವರು ಬೆಳಿಗ್ಗೆ ವಾಕಿಂಗ್ ಅಂತ ಹೋದವರು ಬರಲಿಲ್ಲ. ಮೊಬೈಲು ತೆಗೆಯುವುದಿಲ್ಲ. ನೀನು ಕೂಡ್ಲೆ ಬಾ. ಆಸ್ಪತ್ರೆ ಯಾವುದು ಅಂತ ಕೇಳಲಿಕ್ಕೂ ನನಗೆ ಆಗಲಿಲ್ಲ, ಫೋನು ಕೈಯಿಂದ ಬಿತ್ತು.”

ಹಿಂದಿನ ಸಂಜೆಯ ಕೆಂಪು ಗೋಡೆ ಮತ್ತೆ ಕಿಟಕಿಯಲ್ಲಿ ಬಂದು ನಿಂತಿತು. ಎರಡೂ ಕಿವಿ ಹೋಗಿ ಮನುಷ್ಯ ಉಳಿಯುವುದು ಎಂಥ ಅಪಘಾತದಲ್ಲಿ? ಅಕ್ಕನ ಲ್ಯಾಂಡ್‌ಲೈನಿನಲ್ಲಿ ಬಂದ ನಂಬರು ಓದಿಸಿ ನಾನೇ ಅದಕ್ಕೆ ಫೋನು ಮಾಡಿದೆ.

“ಭೋಯಿರ್ ಬೋಲ್ತಾ,” ಎಂದಿತು ಆ ಕಡೆ. “ಬಾಯಿ ಕೋ ಬೋಲಾ ನಾ. ಇಂಟರ್‌ಕೂಲರ್ ಕೇ ಕಾನ್.” ಬಾಯಿ ಎಂದರೆ ನಮ್ಮ ಅಕ್ಕ, ಅಮ್ಮಾವರು ಎಂದ ಹಾಗೆ.

ಗಾಡಿಯ ಯಾವುದೇ ಭಾಗದಿಂದ ಹೊರಚಾಚಿ ಬೋಲ್ಟು ಹಾಕಿಸಿಕೊಳ್ಳುವ ತುಂಡಿಗೆ ಇಲ್ಲಿನ ಗ್ಯಾರೇಜುಗಳಲ್ಲಿ ಕಾನ್ ಎನ್ನುತ್ತಾರೆ, ಕಿವಿ ಎಂದು. ಸೇಠನ ಗಾಡಿಯ ಎನ್ನಬೇಕಾದಲ್ಲಿ ಅವನು ಸೇಠನ ಎಂದಿದ್ದ. ಅಷ್ಟೇ. ಭಾವ ಅಷ್ಟರಲ್ಲಿ ವಾಕಿಂಗಿನಿಂದ ಮನೆಗೆ ಬಂದರಂತೆ. ಅಕ್ಕ ಬಾಗಿಲು ತೆರೆದು ಮೊದಲು ನೋಡಿದ್ದು ಅವರ ಮುಖದ ಎರಡು ಬದಿಗಳನ್ನು.

ಇಂಟರ್‌ಕೂಲರ್ ಎಂದರೇನು ಎಂದು ನನಗೆ ಆಗ ಗೊತ್ತಿರಲಿಲ್ಲ. ಭೋಯಿರನನ್ನು ಕೇಳಿದೆ. “ಹವಾ ಠಂಡಾ ಕರ್ತಾ ಹೈ” ಎಂದ. ಗಾಳಿ ತಣ್ಣಗೆ ಮಾಡುವುದಾದರೆ ಏಸಿಯೇ ಎಂದೆ. ಏಸಿ ಅಲ್ಲ, ಅದು ಮನುಷ್ಯರಿಗೆ, ಇದು ಇಂಜಿನ್ನಿಗೆ ಎಂದ. ಯೋಚಿಸಿದರೆ ಅದು ನಮ್ಮ ಕಾಫಿಯ ಬಟ್ಟಲಿನ ಹಾಗೆ. ಟರ್ಬೊ ಗಾಳಿಯನ್ನು ಒತ್ತಿ ತುಂಬಿಸುವಾಗ ಅದು ಬಿಸಿಯಾಗುತ್ತದೆ, ಅದನ್ನು ಆರಿಸಿ ಇಂಜಿನ್ನಿಗೆ ಕುಡಿಸಬೇಕು. ಆರಿಸುವ ಬಟ್ಟಲು ಕಾರಿನ ಮೂತಿಯಲ್ಲಿ ಎರಡು ಕಿವಿಗಳಿಂದ ನೇತಾಡುತ್ತಿರುತ್ತದೆ. ಕಿವಿಗೂ ಚೌಕಟ್ಟಿಗೂ ನಡುವೆ ರಬ್ಬರಿನ ಮೆತ್ತೆ ಇರಬೇಕಿತ್ತು. ಅದು ಯಾವತ್ತೋ ಹೋಗಿತ್ತು. ಮೆತ್ತೆ ಇಲ್ಲದ ಕಿವಿ ಪ್ರತಿ ಗುಂಡಿಯ ಪೆಟ್ಟನ್ನೂ ನೇರ ತಿಂದು ಕೊನೆಗೆ ಮುರಿಯಿತು. ಬಟ್ಟಲು ಜಾರಿತು, ಕೊಳವೆ ಕಳಚಿತು, ಗಾಳಿ ಸ್ಸ್ ಎಂದು ಹೊರಗೆ ಹೋಯಿತು.

ಕಿವಿ ಎಂದರೆ ನನಗೆ ನೆನಪಾಗುವುದು ಬೆಚ್ಚಗಿನ ಎಣ್ಣೆ. ಸಣ್ಣವನಿದ್ದಾಗ ನನಗೆ ಕಿವಿನೋವು ಬರುತ್ತಿತ್ತು. ಆಗ ಈ ಅಕ್ಕನೇ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಬೆರಳಲ್ಲಿ ಅದ್ದಿ, ತನ್ನ ಕೆನ್ನೆಗೆ ತಾಗಿಸಿ ಬಿಸಿ ನೋಡಿ, ನನ್ನನ್ನು ಮಗ್ಗುಲಾಗಿ ಮಲಗಿಸಿ ತೊಟ್ಟು ಬಿಡುತ್ತಿದ್ದಳು. ಎಣ್ಣೆ ಒಳಗಿಳಿದಾಗ ಜಗತ್ತಿನ ಸದ್ದೆಲ್ಲ ದೂರ ಹೋಗಿ ನನ್ನದೇ ಎದೆಬಡಿತ ಕೇಳುತ್ತಿತ್ತು. “ಕೆಬಿ ಬೇನೆ ಕಡಮೆ ಆಂಡಾ?” ಎಂದು ತುಳುವಿನಲ್ಲಿ ಕೇಳುತ್ತಿದ್ದಳು. ಕಿವಿನೋವು ಕಡಿಮೆಯಾಯಿತೆ ಎಂದು. ನನಗೆ ಕೇಳಿಸುತ್ತಿರಲಿಲ್ಲ, ತುಟಿ ನೋಡಿ ಹೂಂ ಎನ್ನುತ್ತಿದ್ದೆ. ತುಟಿ ನೋಡಿ ಹೂಂ ಎನ್ನುವುದು ಎಷ್ಟು ಸುಲಭ ಎಂದು ಆಗಲೇ ಗೊತ್ತಿತ್ತಲ್ಲ ಎಂದು ಈಗ ಅನ್ನಿಸುತ್ತದೆ.

ಆ ಅಕ್ಕನೇ ಭಾನುವಾರ ನನ್ನನ್ನು ಠಾಣೆಗೆ ಕರೆಸಿ ಅಡಿಗೆಮನೆಯಲ್ಲಿ ನಿಲ್ಲಿಸಿದಳು. ಕಂಟೇನರಿನ ಕಥೆ ಅಷ್ಟರಲ್ಲಿ ಭೋಯಿರನ ಬಾಯಿಂದ ಅವಳಿಗೆ ತಲುಪಿತ್ತು.

“ನೀನು ಪಕ್ಕದಲ್ಲೇ ಇದ್ದಿ. ಅವರಿಗೆ ಹಾರ್ನ್ ಕೇಳಿಸಿತಾ ಇಲ್ವಾ?”

“ಅವರು ಬದಿಗೆ ಸರಿಯಲಿಲ್ಲ. ಅಷ್ಟು ನೋಡಿದೆ.”

“ಕೇಳಿಸಿತಾ?”

“ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ, ಒಂದು ಹಾರ್ನಾದರೂ ಹೊಡೀಬಾರದಾ ಆ ಪುಣ್ಯಾತ್ಮ ಅಂದರು.”

ಅಕ್ಕ ನಕ್ಕಳು. ನಗು ಅರ್ಧಕ್ಕೇ ನಿಂತಿತು. “ಹೇಗೆ ಅಂದರು? ನಗಾಡಿಕೊಂಡಾ?”

“ಅದನ್ನೇ ಹೇಳಲಾರೆ.”

“ನೀನು ಎಂತ ಕೋರ್ಟಿನಲ್ಲಿ ನಿಂತಿದ್ದೀಯಾ? ನಾನು ನಿನ್ನ ಅಕ್ಕ.” ಅವಳು ಸೌಟು ಕೆಳಗಿಟ್ಟಳು. “ಇಲ್ಲಿಂದ ನಾನು ಮೆಲ್ಲಗೆ ಕರೆಯುತ್ತೇನೆ. ಒಂದು ದಿನ ಉತ್ತರ ಬರ್ತದೆ, ಒಂದು ದಿನ ಬರುವುದಿಲ್ಲ. ಕೇಳಿದರೆ, ಪೇಪರ್ ಓದ್ತಿದ್ದೆ ಅಂತಾರೆ. ಡಾಕ್ಟರ ಹತ್ತಿರ ಹೋಗುವ ಅಂದರೆ, ನನ್ನ ಕಿವಿಯಲ್ಲಿ ಹೋಟೆಲ್ ನಡೆದಿದೆ ಅಂತಾರೆ. ನೋಡು, ಕೇಳಿಸಿದ್ದು ಹೌದಾದರೆ ಕಾರಿನ ಕೀ ಅವರ ಹತ್ತಿರ ಇರಲಿ. ಇಲ್ಲ ಅಂತಾದರೆ ಅವರು ಇನ್ನು ಓಡಿಸುವುದು ಬೇಡ, ಕೀ ನನಗೆ ಕೊಡು. ನೀನು ಹೇಳಿದ ಹಾಗೆ. ಗಾಡಿ ರಿಪೇರಿಯಾಗಿ ಬರುವ ತನಕ ಟೈಮು.”

ಅಲ್ಲಿಂದ ನನ್ನ ಸ್ಥಿತಿ ವಿಚಿತ್ರವಾಯಿತು. ಕೇಳಿಸಿತು ಎಂದರೆ ಇನ್ನೊಂದು ಕಂಟೇನರು. ಕೇಳಿಸಲಿಲ್ಲ ಎಂದರೆ ಭಾವನ ಕೈಯಲ್ಲಿ ಉಳಿದ ಒಂದು ಯಜಮಾನಿಕೆಯನ್ನು ನಾನೇ ಕಿತ್ತುಕೊಂಡಂತೆ. ರಿಪೇರಿ ತಡವಾದಷ್ಟೂ ನನಗೆ ನೆಮ್ಮದಿ. ದಿನಾ ಸಂಜೆ ಭೋಯಿರನ ಗ್ಯಾರೇಜಿಗೆ ಹೋಗುತ್ತಿದ್ದೆ. ಅವನು ಸೋತದ್ದು ಕೇಳಿ ಮುಖದಲ್ಲಿ ಬೇಸರ ತೋರಿಸಿ ಬರುತ್ತಿದ್ದೆ.

ಭೋಯಿರ್ ನನ್ನನ್ನು ನಿರಾಸೆಗೊಳಿಸಲಿಲ್ಲ. ಮೊದಲು ಸಿಕ್ಕಿದ ಒಂದು ಕಿವಿಯನ್ನು ಎರಡು ಟ್ಯೂಬಿನ ಅಂಟು ಕಲಸಿ ಹಚ್ಚಿದ. “ಲೋಖಂಡ್ ಸೇ ಮಜಬೂತ್” ಎಂದ, ಕಬ್ಬಿಣಕ್ಕಿಂತ ಗಟ್ಟಿ ಎಂದು. ಬೋಲ್ಟು ಬಿಗಿಯುವಾಗ ಅದು ಅವನ ಕೈಗೇ ಬಂತು. ಆಮೇಲೆ ತಂತಿ ಸುತ್ತಿದ. ಅದು ನನ್ನ ಕಣ್ಣೆದುರೇ ಸಡಿಲವಾಯಿತು. ಕೊನೆಗೆ ಒಪ್ಪಿಕೊಂಡು ಕಲ್ಯಾಣಕ್ಕೆ ಹೊರಟ. ಅಲ್ಯೂಮಿನಿಯಮ್ಮಿಗೆ ಸಾದಾ ವೆಲ್ಡಿಂಗ್ ನಡೆಯದು, ಆರ್ಗನ್ ಎಂಬ ಗ್ಯಾಸಿನದು ಬೇಕು. ನಾನೂ ಜೊತೆಗೆ ಹೋದೆ.

ಕಲ್ಯಾಣದ ಆ ಅಂಗಡಿಯ ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಆರ್ಗನ್ನಿನ ‘ಎ’ಯನ್ನೂ ‘ಓ’ವನ್ನೂ ಅದಲುಬದಲು ಮಾಡಿ ಬರೆದಿದ್ದರು. ಅಂದರೆ ಅಂಗಾಂಗಗಳ ವೆಲ್ಡಿಂಗ್. ಮುರಿದ ಕಿವಿ ಹಿಡಿದುಕೊಂಡು ಬಂದವರಿಗೆ ಅದು ತಪ್ಪೆಂದು ತೋರಲಿಲ್ಲ.

ವೆಲ್ಡರ್ ಕಪ್ಪು ಗಾಜು ಮುಖಕ್ಕೆ ಇಳಿಸಿದ. ನನಗೂ ಒಂದು ಗಾಜು ಕೊಟ್ಟಿದ್ದರಿಂದ ನೋಡಿದೆ. ಕಬ್ಬಿಣ ಕಾದರೆ ಕೆಂಪಾಗುತ್ತದೆ, ಇನ್ನು ಕರಗುತ್ತೇನೆ ಎಂದು ಮೊದಲೇ ಹೇಳುತ್ತದೆ. ಅಲ್ಯೂಮಿನಿಯಮ್ ಹೇಳುವುದಿಲ್ಲ. ಇದ್ದ ಬಣ್ಣದಲ್ಲೇ ಇದ್ದು, ನೋಡನೋಡುತ್ತಿದ್ದಂತೆ ಕುಸಿಯುತ್ತದೆ. ಹಾಗೆಯೇ ಕುಸಿಯಿತು. ಬಟ್ಟಲಿನ ಮೈಯಲ್ಲಿ, ಕಿವಿ ಕೂರುವಲ್ಲಿ, ಕಡಲೆಕಾಳಿನಷ್ಟು ತೂತು ಬಿತ್ತು. ವೆಲ್ಡರ್ ಗಾಜು ಮೇಲೆತ್ತಿ ತನ್ನ ಕೈಯನ್ನೇ ದೂರುವವನಂತೆ ನೋಡಿದ. ಭೋಯಿರ್ ಅವನಿಗೆ ಮರಾಠಿಯಲ್ಲಿ ಬೈದ. ನನಗೆ ಒಳಗೊಳಗೇ ಸಮಾಧಾನ. ಆದರೆ ಮುಂದಿನ ವಾರ ಅವನು ತೂತು ಮುಚ್ಚಿ, ದಪ್ಪ ತಗಡಿನಿಂದ ಎರಡು ಹೊಸ ಕಿವಿ ಕೊರೆದು, ಗಟ್ಟಿಯಾಗಿ ಕೂರಿಸಿಯೇಬಿಟ್ಟ. ಹಳೆಯದನ್ನು ಭೋಯಿರ್ ನನ್ನ ಅಂಗೈಯಲ್ಲಿಟ್ಟ. “ಲೋ ಸಾಬ್, ಯಾದ್‌ಗಾರ್.” ನೆನಪಿಗೆ.

ಶನಿವಾರ ಗಾಡಿ ಕೊಡುತ್ತೇನೆ ಎಂದಿದ್ದ. ಶುಕ್ರವಾರ ಅಕ್ಕನ ಫೋನು.

“ಗ್ಯಾರೇಜಿನಿಂದ ಫೋನು ಬಂದಿತ್ತು. ಈ ಸಲ ನಾನು ಹೆದರಲಿಲ್ಲ. ಹೆಂಗಸು. ಗ್ಯಾರೇಜಿನಲ್ಲಿ ಹೆಂಗಸರೂ ಇದ್ದಾರಾ?”

“ನಾನು ನೋಡಿಲ್ಲ.”

“ಕಾನ್ ಕಾ ಮಶೀನ್ ಆ ಗಯಾ, ಫಿಟಿಂಗ್ ಕೇ ಲಿಯೇ ಆವೋ ಅಂದಳು. ಎಡದ್ದು ಮಾತ್ರ ಬಂದಿದೆಯಂತೆ. ಬಲದ್ದು ಮುಂದಿನ ವಾರವಂತೆ. ಆಯ್ತಮ್ಮ, ತಮ್ಮನನ್ನು ಕಳಿಸ್ತೇನೆ ಅಂದೆ. ಸೇಠ್ ಕೋ ಹೀ ಆನಾ ಪಡೇಗಾ ಅಂದಳು. ಒಂದು ಕಿವಿ ಕೂರಿಸಲಿಕ್ಕೆ ಇವರೇ ಯಾಕೆ ಬೇಕು?”

ಶನಿವಾರ ಗ್ಯಾರೇಜಿಗೆ ಹೋದೆ. ಕಾರು ತೊಳೆದು ನಿಂತಿತ್ತು. ಬಗ್ಗಿ ನೋಡಿದೆ, ಎರಡೂ ಕಿವಿ ಇದ್ದವು, ರಬ್ಬರೂ ಇತ್ತು. ಭೋಯಿರನಿಗೆ, ಬಲದ್ದು ಮುಂದಿನ ವಾರ ಎಂದಿರಂತಲ್ಲ ಎಂದೆ.

“ಕೌನ್ ಬೋಲಾ?”

“ನಿಮ್ಮ ಗ್ಯಾರೇಜಿನ ಹೆಂಗಸು.”

ಅವನು ಆಯಿಲಿನ ಡಬ್ಬಿಗಳ ಕಡೆಗೆ, ಹಳೇ ಟೈರುಗಳ ಕಡೆಗೆ, ಮಲಗಿದ್ದ ನಾಯಿಯ ಕಡೆಗೆ ಕೈ ತಿರುಗಿಸಿ ತೋರಿಸಿದ. “ಸಾಬ್, ಇಧರ್ ಲೇಡೀಸ್ ಮೇ ಸಿರ್ಫ್ ಯೇ ಕುತ್ತೀ ಹೈ. ಔರ್ ಯೇ ಫೋನ್ ನಹೀಂ ಕರ್ತೀ.” ಇಲ್ಲಿ ಹೆಣ್ಣೆಂದರೆ ಈ ನಾಯಿ ಒಂದೇ, ಅದು ಫೋನು ಮಾಡದು ಎಂದು.

ಮತ್ತೆ ಅಕ್ಕನಿಂದ ನಂಬರು ಓದಿಸಿಕೊಂಡೆ. ಕಾರಿನ ಬಾನೆಟ್ಟಿಗೆ ಒರಗಿ ಫೋನು ಮಾಡಿದೆ. ಸೀವುಡ್ಸಿನ ಒಂದು ಕ್ಲಿನಿಕ್ಕು. ಶ್ರವಣ ಪರೀಕ್ಷೆ, ಶ್ರವಣ ಯಂತ್ರ. ಸದಾನಂದ ಸರ್ ಈ ತಿಂಗಳು ಎರಡು ಸಲ ಬಂದಿದ್ದರು, ಅಳತೆ ಕೊಟ್ಟುಹೋಗಿದ್ದಾರೆ ಎಂದಳು ಆ ಹುಡುಗಿ, ಬಹಳ ಮರ್ಯಾದೆಯಿಂದ.

ಫೋನು ಇಟ್ಟ ಮೇಲೆ ಮಹಾಪೆಯ ಗೇಟಿನಲ್ಲಿ ಕಾದಿದ್ದ ಕಾರು ನೆನಪಾಯಿತು. ದಾರಿಯೇ ಅಲ್ಲದ ದಾರಿ. ಆ ಬೆಳಗಿನ ಉದ್ದದ ವಾಕಿಂಗ್. ಠಾಣೆಯಲ್ಲಿ ಪ್ರತಿ ಬೀದಿಗೂ ಗುರುತಿನವರು ಇರುವ ಮನುಷ್ಯ ಕಿವಿ ತೋರಿಸಲು ಸೀವುಡ್ಸಿಗೆ ಹೋಗಿದ್ದರು. ಹಾಗಾದರೆ ಆ ಮಾತು ತಮಾಷೆಯಲ್ಲ. ಇಲ್ಲ, ಕಿವಿ ಸ್ವಲ್ಪ ಮಂದವಾದವರು ತಮಾಷೆ ಮಾಡಬಾರದು ಎಂದೇನಿದೆ? ಸ್ವಲ್ಪ ಮಂದವಾದ ಕಿವಿಗೆ ಕಂಟೇನರಿನ ಹಾರ್ನೂ ಕೇಳಿಸದೆ? ನನಗೆ ಮೊದಲಿಗಿಂತ ಹೆಚ್ಚು ಗೊತ್ತಾಗಿತ್ತು, ಮೊದಲಿಗಿಂತ ಕಡಿಮೆ ಅರ್ಥವಾಗಿತ್ತು.

ಅಷ್ಟರಲ್ಲಿ ಭಾವ ರಿಕ್ಷಾದಿಂದ ಇಳಿದರು. ಗಾಡಿ ಒಯ್ಯಲು ಬಂದಿದ್ದರು. ಅಕ್ಕನ ತಾಕೀತಿನಂತೆ ಕೀ ನನ್ನ ಜೇಬಿನಲ್ಲಿತ್ತು. ಅವರು ಕೈ ಚಾಚಿದರು. ನಾನು ಕೊಡಲಿಲ್ಲ, ಕೊಡುವುದಿಲ್ಲ ಎಂದೂ ಹೇಳಲಿಲ್ಲ.

“ಭಾವ,” ಎಂದೆ, ಅವರ ಎದುರಿಗೇ ನಿಂತು. “ಸೀವುಡ್ಸಿನಿಂದ ಫೋನು ಬಂದಿತ್ತು. ಕಿವಿ ರೆಡಿಯಂತೆ.”

ಅವರು ಕಾರಿನ ಮೂತಿಯನ್ನು ನೋಡಿದರು. “ಇದರದ್ದಾ?”

“ನಿಮ್ಮದು.”

ಚಾಚಿದ ಕೈ ಹಾಗೆಯೇ ಇತ್ತು. ಆಮೇಲೆ ಅದನ್ನು ಬಾನೆಟ್ಟಿನ ಮೇಲಿಟ್ಟರು.

“ವಾರಿಜಳಿಗೆ ಗೊತ್ತುಂಟಾ?”

“ಗ್ಯಾರೇಜಿನದ್ದು ಅಂತ ತಿಳ್ಕೊಂಡಿದ್ದಾಳೆ.”

ಅವರು ನಕ್ಕರು. ಅದು ನಗುವೇ ಎಂದು ಈ ಸಲ ಖಚಿತವಾಗಿ ಹೇಳಬಲ್ಲೆ. “ಹೋಟೆಲಿಗೆ ಚೀಟಿ ಯಾಕೆ ತಂದದ್ದು ಗೊತ್ತುಂಟಾ ನಿನಗೆ? ಮೊದಲು ಆ ಮೂಲೆಯ ಮೇಜು ಹೋಯ್ತು, ನೀನು ಕೂರ್ತಿದ್ದೆಯಲ್ಲ, ಅದು. ಮಾಣಿ ಬಾಯಿ ತೆರೆಯುವುದು ಕಾಣ್ತದೆ, ಶಬ್ದ ಇಲ್ಲ. ಆಮೇಲೆ ಕಿಟಕಿ ಬದಿ. ಕೊನೆಗೆ ಗಲ್ಲಾದ ಎದುರಿನ ಮೇಜೊಂದು ಉಳಿಯಿತು. ಒಂದು ದಿನ ಗಡ್ಡದ್ದನ್ನು ಛತ್ರಿಯ ಲೆಕ್ಕಕ್ಕೆ ಹಾಕಿದೆ. ಮಾಣಿಗಳು ಒಬ್ಬರ ಮುಖ ಒಬ್ಬರು ನೋಡಿದರು. ಮರುವಾರ ಚೀಟಿ ಪ್ರಿಂಟ್ ಮಾಡಿಸಿದೆ.”

ಭೋಯಿರ್ ಏನೂ ಅರ್ಥವಾಗದೆ ನಮ್ಮಿಬ್ಬರನ್ನೂ ನೋಡುತ್ತ, ವೆಲ್ಡಿಂಗ್ ಎಷ್ಟು ಗಟ್ಟಿಯಾಗಿದೆ ಎಂದು ತೋರಿಸಲು ಇಂಟರ್‌ಕೂಲರನ್ನು ಹಿಡಿದು ಅಲ್ಲಾಡಿಸುತ್ತಿದ್ದ.

ಭಾವ ಕಾರನ್ನು ಸುತ್ತಿಕೊಂಡು ಹೋಗಿ ಎಡಗಡೆಯ ಬಾಗಿಲು ತೆರೆದು ಕೂತರು. ಟೆಂಪೋದಲ್ಲಿ ಕೂರುತ್ತಿದ್ದ ಬದಿ. ಮೊಣಕಾಲುಗಳನ್ನು ಒತ್ತಿಕೊಂಡೇ ಕೂತರು, ನಡುವೆ ಕೊತ್ತಂಬರಿ ಇರುವ ಹಾಗೆ. “ಸೀವುಡ್ಸಿಗೆ ಓಡಿಸು. ದಾರಿ ನಾನು ಹೇಳ್ತೇನೆ. ಕೇಳುವುದು ನೀನು.”

ನನ್ನ ಡ್ರೈವಿಂಗಿನ ಬಗ್ಗೆ ಹೆಚ್ಚು ಹೇಳದಿರುವುದು ಒಳ್ಳೆಯದು. ಹೋಗಿ ಮುಟ್ಟಿದೆವು. ಯಂತ್ರ ಹುಣಸೆಬೀಜದಷ್ಟಿತ್ತು. ಆ ಹುಡುಗಿ ಅದನ್ನು ಎಡಗಿವಿಯಲ್ಲಿ ಕೂರಿಸಿ, “ಸುನಾಯಿ ದೇತಾ ಹೈ?” ಎಂದಳು, ಕೇಳಿಸುತ್ತದಾ ಎಂದು. “ಫ್ಯಾನಿಗೆ ಎಣ್ಣೆ ಹಾಕಿಸಮ್ಮ” ಎಂದು ಭಾವ ಕನ್ನಡದಲ್ಲೇ ಹೇಳಿದರು.

ವಾಪಸು ಬರುವಾಗ, ಠಾಣೆಗೆ ದಾರಿಯಲ್ಲದಿದ್ದರೂ, ಭಾವ ಹೇಳಿದ್ದು ಅದೇ ಮಹಾಪೆಯ ಏರು. ಭಾವ ತಲೆ ವಾಲಿಸಿ ಕೂತಿದ್ದರು. “ಎಂತ ಅದು, ಸಣ್ಣ ಸೀಟಿ?” ಎಂದರು. ಕಾರಿನದ್ದು, ಟರ್ಬೊದ್ದು, ಯಾವಾಗಲೂ ಇತ್ತು ಎಂದೆ. “ಯಾವಾಗಲೂ?” ಎಂದರು. ಬಾನೆಟ್ಟಿನ ಕಡೆಗೆ ಬಗ್ಗಿ, “ಕೊಂಡಾಗಿನಿಂದ?” ಎಂದರು. ಬೆಳ್ಳಿಯ ಅಕ್ಷರಗಳಿಗೆ ಮನಸೋತು ಕೊಂಡವರು ಅದರ ದನಿಯನ್ನು ಕೇಳಿದ್ದು ಅವತ್ತೇ ಮೊದಲು.

ಆಗ ಹಿಂದಿನಿಂದ ಲಾರಿಯೊಂದು ಹಾರ್ನ್ ಹೊಡೆಯಿತು. ಭಾವ ಸೀಟಿನಲ್ಲಿ ಎದ್ದುಬಿದ್ದರು. ಎರಡೂ ಕೈ ಡ್ಯಾಶ್‌ಬೋರ್ಡಿಗೆ ಹೋಯಿತು, ಅವತ್ತು ನನ್ನ ಕೈ ಅಂಟಿಕೊಂಡಿದ್ದ ಜಾಗಕ್ಕೇ. ನಾನು ಬದಿಗೆ ಸರಿದೆ. ಲಾರಿ ಹೋಯಿತು. ಹೊಸ ಕನ್ನಡಿ ಉಳಿಯಿತು.

ಅಕ್ಕ ಮನೆಯ ಬಾಗಿಲಲ್ಲೇ ನಿಂತಿದ್ದಳು. ನನ್ನ ಮುಖ ನೋಡಿ, “ಹೂಂ, ಹೇಳು ಈಗ. ಕೇಳಿಸಿತಾ ಇಲ್ವಾ?” ಎಂದಳು. ನಾನು ಬಾಯಿ ತೆರೆದೆ. ಯಾವ ಉತ್ತರ ಹೊರಡಲಿತ್ತು ಎಂದು ಈಗಲೂ ಗೊತ್ತಿಲ್ಲ. ಭಾವ ನನ್ನ ಕೈಯಿಂದ ಕೀ ತೆಗೆದುಕೊಂಡು ಅಕ್ಕನ ಕೈಯಲ್ಲಿಟ್ಟರು. “ಬಲದ್ದು ಬರುವ ತನಕ ನಿನ್ನ ಹತ್ತಿರ ಇರಲಿ.”

“ಬಲದ್ದು ಎಂತದು? ಎರಡೂ ಕೂರಿಸಿ ಆಗಿದೆ ಅಂದನಲ್ಲ ಭೋಯಿರ್?”

ಭಾವ ತಲೆ ಒಂದು ಬದಿಗೆ ತಿರುಗಿಸಿದರು. ಅಕ್ಕ ಹತ್ತಿರ ಬಂದು ನೋಡಿದಳು. ಬೆರಳು ಚಾಚಿ ಆ ಹುಣಸೆಬೀಜವನ್ನು ಮುಟ್ಟಲು ಹೋಗಿ, ಮುಟ್ಟದೆ, ಅದರ ಸುತ್ತಲಿನ ಬಿಳಿಕೂದಲನ್ನು ಸರಿಮಾಡಿದಳು. “ನೋಯ್ತದಾ?” ಎಂದಳು, ಬಹಳ ಮೆಲ್ಲಗೆ.

“ಕಿರುಚಬೇಡ” ಎಂದರು ಭಾವ.

ಬಲದ್ದೂ ಬಂತು. ಕೀ ಈಗ ಬಾಗಿಲ ಬದಿಯ ಮೊಳೆಯಲ್ಲಿ ತೂಗುತ್ತದೆ. ಠಾಣೆಯೊಳಗೆ ಭಾವ ಓಡಿಸುತ್ತಾರೆ. ಶಿಳ್‌ಫಾಟಾದ ಕಡೆಗಾದರೆ ನನಗೆ ಫೋನು ಬರುತ್ತದೆ, ಅವರು ಎಡಗಡೆ ಕೂರುತ್ತಾರೆ. ನನಗೆ ಕೇಳಿಸದ ಎಷ್ಟೋ ಸದ್ದುಗಳು ಅವರಿಗೆ ಕೇಳಿಸುತ್ತವೆ. ಏನೋ ಕಟಕಟ ಅನ್ನುತ್ತಿದೆ ನೋಡು ಎನ್ನುತ್ತಾರೆ. ಇಳಿದು ಬಗ್ಗಿ ನೋಡುತ್ತೇನೆ. ಕಿವಿಗಳು ಗಟ್ಟಿಯಾಗಿಯೇ ಇರುತ್ತವೆ.

ಒಂದು ಪ್ರಶ್ನೆ ಮಾತ್ರ ಉಳಿದಿತ್ತು. ಮೊನ್ನೆ ಭಾನುವಾರ ಅವರ ಮನೆಯಲ್ಲಿ ನಾವಿಬ್ಬರೇ ಇದ್ದಾಗ ಧೈರ್ಯ ಮಾಡಿದೆ.

“ಭಾವ, ಅವತ್ತು ಹಾರ್ನ್ ಹೊಡೀಬಾರದಾ ಅಂದಿರಲ್ಲ. ಅದು ತಮಾಷೆಯಾ, ನಿಜವಾ?”

ಭಾವ ಪೇಪರಿನಿಂದ ತಲೆ ಎತ್ತಲಿಲ್ಲ. ಎರಡೂ ಯಂತ್ರ ಕಿವಿಯಲ್ಲೇ ಇದ್ದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

“ಹೌದು,” ಎಂದರು, “ಈ ಸಲ ಮಳೆ ಜಾಸ್ತಿ.”